ಬಾಳೆಹಣ್ಣಿನ ಸಿಪ್ಪೆ ಹಾಕಿದರೂ ಮಲ್ಲಿಗೆ ಹಳದಿಯಾಗುತ್ತಿದೆ, ಯಾಕೆ?

ಪ್ರಶ್ನೆ: ನಾವು ಮುಂಬೈಯ ಮುಲುಂಡ್ ಪೂರ್ವದಲ್ಲಿ ಮೂರನೇ ಮಹಡಿಯ ಫ್ಲಾಟಿನಲ್ಲಿದ್ದೇವೆ. ಹಾಲ್‌ನ ಕಿಟಕಿಯಿಂದ ಹೊರಚಾಚಿದ ಬಾಕ್ಸ್ ಗ್ರಿಲ್ಲಿನಲ್ಲಿ 12 ಇಂಚಿನ ಐದು ಕುಂಡಗಳಿವೆ. ಮಲ್ಲಿಗೆ, ಟೊಮೆಟೊ, ಕರಿಬೇವು, ಬಸಳೆ, ತುಳಸಿ. ಬೆಳಗ್ಗೆ ಮೂರ್ನಾಲ್ಕು ಗಂಟೆ ಬಿಸಿಲು ಬರುತ್ತದೆ. ವಿಡಿಯೊ ನೋಡಿ ಮಾರ್ಚ್‌ನಿಂದ ಅಡುಗೆಮನೆಯ ಕಸವನ್ನೇ ಗೊಬ್ಬರ ಮಾಡುತ್ತಿದ್ದೇನೆ. ಬಾಳೆಹಣ್ಣಿನ ಸಿಪ್ಪೆ ಮಿಕ್ಸಿಗೆ ಹಾಕಿ ವಾರಕ್ಕೆ ಎರಡು ಸಲ ಬುಡಕ್ಕೆ ಸುರಿದೆ. ಈರುಳ್ಳಿ ಸಿಪ್ಪೆ ನೆನೆಸಿದ ನೀರು, ಚಹಾದ ಚರಟ, ಮೊಟ್ಟೆ ಚಿಪ್ಪು, ಕಿತ್ತಳೆ ಸಿಪ್ಪೆ ಎಲ್ಲ ಹಾಕಿದೆ. ಮೊದಲು ಚಿಗುರು ಚೆನ್ನಾಗಿತ್ತು. ಮೇ ತಿಂಗಳಲ್ಲಿ ಟೊಮೆಟೊ ಕಾಯಿಗಳ ತಳ ಕಪ್ಪಾಯಿತು. ಈಗ ಮಳೆ ಶುರುವಾದ ಮೇಲೆ ಮಲ್ಲಿಗೆ ಎಲೆ ಹಳದಿ, ಮೊಗ್ಗಂತೂ ಒಂದೂ ಇಲ್ಲ. ಮನೆ ತುಂಬ ಸಣ್ಣ ನೊಣ. ಕೆಳಗಿನ ಮನೆಯವರು ವಾಸನೆ ಅಂತ ದೂರು ಕೊಟ್ಟು, ಹೌಸಿಂಗ್ ಸೊಸೈಟಿಯಿಂದ ಪತ್ರವೂ ಬಂತು. ಕುಂದಾಪುರದಲ್ಲಿರುವ ನಮ್ಮ ಅತ್ತೆ, 'ನಾವು ಇಡೀ ಜನ್ಮ ಬಸಳೆ ಬುಡಕ್ಕೇ ಎಲ್ಲಾ ಹಾಕಿದ್ದು, ಏನೂ ಆಗಲಿಲ್ಲ' ಅನ್ನುತ್ತಾರೆ. ನಮ್ಮವರು 'ಇದೆಲ್ಲ ಬಿಟ್ಟು ಸುಮ್ನೆ ಸುಫಲಾ (ಅಂಗಡಿಯ ರಾಸಾಯನಿಕ ಗೊಬ್ಬರ) ತಂದು ಹಾಕು' ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಅತ್ತೆಯವರು ಹೇಳಿದ್ದು ಕುಂದಾಪುರಕ್ಕೆ ಸರಿ. ನಿಮ್ಮ ಯಜಮಾನರು ಹೇಳಿದ್ದು ಅರ್ಧ ಸರಿ. ವಿಡಿಯೊದವರು ಹೇಳಿದ್ದರಲ್ಲಿ ಸಿಪ್ಪೆಯಲ್ಲಿ ಸತ್ವ ಇದೆ ಅನ್ನುವಷ್ಟು ನಿಜ. ಅದನ್ನು ಕುಂಡದೊಳಗೇ ಕೊಳೆಯಲು ಬಿಡಿ ಅಂದಿದ್ದು ತಪ್ಪು. ಹಳದಿ ಎಲೆ, ನೊಣ, ವಾಸನೆ ಮೂರೂ ಬೇರೆ ಬೇರೆ ರೋಗದ ಹಾಗೆ ಕಾಣುತ್ತವೆ, ಆದರೆ ಬೇರು ಒಂದೇ. ಟೊಮೆಟೊ ಕಥೆ ಮಾತ್ರ ಬೇರೆ. ಮಲ್ಲಿಗೆ ಮೊಗ್ಗಿನದ್ದು ಇನ್ನೂ ಬೇರೆ.

ಮೊದಲ ಕೆಲಸ, ಇವತ್ತಿನಿಂದ ಕುಂಡಕ್ಕೆ ಹಸಿ ಸಿಪ್ಪೆ ಹಾಕುವುದನ್ನು ನಿಲ್ಲಿಸಿ. ಸಿಪ್ಪೆ ಎಸೆಯಬೇಕಾಗಿಲ್ಲ. ಅದಕ್ಕೆ ಬೇರೆ ಜಾಗ ಹೇಳುತ್ತೇನೆ.

ಗಿಡ ಸಿಪ್ಪೆ ತಿನ್ನುವುದಿಲ್ಲ. ಅದು ನೀರಿನಲ್ಲಿ ಕರಗಿದ ಲವಣಗಳನ್ನು ಮಾತ್ರ ಬೇರಿನಿಂದ ಹೀರುತ್ತದೆ. ಸಿಪ್ಪೆಯನ್ನು ಆ ರೂಪಕ್ಕೆ ತರುವವರು ಮಣ್ಣಿನ ಬ್ಯಾಕ್ಟೀರಿಯಾ, ಬೂಷ್ಟು, ಹುಳುಗಳು. ಹಸಿ ಸಿಪ್ಪೆ ಬುಡಕ್ಕೆ ಹಾಕುವುದೆಂದರೆ ಊಟಕ್ಕೆ ಬಂದವರ ಎಲೆಗೆ ಅಕ್ಕಿ ಬಡಿಸಿದ ಹಾಗೆ. ಬೇಯಿಸುವ ಕೆಲಸ ಎಲ್ಲೋ ಒಂದು ಕಡೆ ಆಗಲೇಬೇಕು. ಆ ಕೆಲಸ ನಿಮ್ಮ ಕುಂಡದಲ್ಲಿ, ಬೇರುಗಳ ಪಕ್ಕದಲ್ಲೇ ನಡೆದಾಗ ಎರಡು ತೊಂದರೆ ಆಗುತ್ತವೆ.

ಒಂದು, ಗಾಳಿ. ಬಾಳೆಹಣ್ಣಿನ ಸಿಪ್ಪೆಯಲ್ಲಿ ಸಕ್ಕರೆ ಜಾಸ್ತಿ. ಮಿಕ್ಸಿಗೆ ಹಾಕಿ ಗಂಜಿ ಮಾಡಿ ಸುರಿದರೆ ಬ್ಯಾಕ್ಟೀರಿಯಾಗಳಿಗೆ ಒಮ್ಮೆಲೇ ಹಬ್ಬ. ಅವು ಒಂದೆರಡು ದಿನದಲ್ಲಿ ವಿಪರೀತ ಹೆಚ್ಚಿ, ಮಣ್ಣಿನ ಸಂದುಗಳಲ್ಲಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಬೇರಿಗೂ ಉಸಿರಾಡಲು ಅದೇ ಆಮ್ಲಜನಕ ಬೇಕು. ಮಾರ್ಚ್‌ನಲ್ಲಿ ಮಣ್ಣು ಬೇಗ ಒಣಗುತ್ತಿತ್ತು, ಗಾಳಿ ಆಡುತ್ತಿತ್ತು, ಹಾಗಾಗಿ ಗಿಡ ತಡೆದುಕೊಂಡಿತು. ಈಗ ಮುಂಬೈಯ ಜುಲೈ. ಕುಂಡ ಒಣಗುವುದೇ ಇಲ್ಲ. ಗಾಳಿ ಇಲ್ಲದ ಕಡೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಕೆಲಸ ಶುರುಮಾಡುತ್ತವೆ. ಕೊಳೆತ ಮೊಟ್ಟೆಯ ಹಾಗೆ, ಹುಳಿ ಬಂದ ಹಾಗೆ ವಾಸನೆ ಬರುವುದು ಇವುಗಳಿಂದ. ಕೆಳಗಿನ ಮನೆಯವರ ದೂರು ಸುಳ್ಳಲ್ಲ.

ಎರಡು, ಸಾರಜನಕ. ಬಾಳೆಸಿಪ್ಪೆಯಲ್ಲಿ ಸಾರಜನಕ ಕಡಿಮೆ. ನರ್ಸರಿಯವರು ಕುಂಡಕ್ಕೆ ತುಂಬಿಕೊಡುವ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್‌ನಲ್ಲಿ ಇನ್ನೂ ಕಡಿಮೆ. ಕೊಳೆಸುವ ಜೀವಿಗಳಿಗೆ ತಮ್ಮ ಮೈ ಕಟ್ಟಿಕೊಳ್ಳಲು ಸಾರಜನಕ ಬೇಕು. ಸಿಪ್ಪೆಯಲ್ಲಿ ಸಾಲದಿದ್ದರೆ ಮಣ್ಣಿನಲ್ಲಿ ಇದ್ದಷ್ಟನ್ನೂ ಅವೇ ಹೀರುತ್ತವೆ. ಗಿಡಕ್ಕೆ ಉಪವಾಸ. ಅವು ಸತ್ತು ಕರಗಿದ ಮೇಲೆ ಅದೇ ಸಾರಜನಕ ವಾಪಸ್ ಸಿಗುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ವಾರಕ್ಕೆ ಎರಡು ಸಲ ಹೊಸ ಸಿಪ್ಪೆ ಸುರಿಯುತ್ತಿದ್ದರೆ ಆ ದಿನ ಬರುವುದೇ ಇಲ್ಲ.

ನಿಮ್ಮ ಮಲ್ಲಿಗೆಯಲ್ಲಿ ಯಾವುದು ನಡೆಯುತ್ತಿದೆ ಅಂತ ಎಲೆ ನೋಡಿಯೇ ಬಹುಮಟ್ಟಿಗೆ ಹೇಳಬಹುದು. ಬುಡದ ಹಳೆಯ ಎಲೆಗಳು ಮೊದಲು ಹಳದಿಯಾಗಿ, ತುದಿಯ ಚಿಗುರು ತೆಳು ಹಸಿರಾಗಿದ್ದರೆ ಸಾರಜನಕದ ಕೊರತೆ. ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತಿದೆ. ಚಿಗುರೆಲೆಯೇ ಹಳದಿಯಾಗಿ ನರಗಳು ಮಾತ್ರ ಹಸಿರು ಉಳಿದಿದ್ದರೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರು ಸೋತಾಗ ಹೀಗಾಗುತ್ತದೆ. ಮೇಲೆ ಕೆಳಗೆ ಅನ್ನದೆ ಎಲ್ಲ ಎಲೆಯೂ ಹಳದಿಯಾಗಿ, ಮಣ್ಣು ಒದ್ದೆ ಇದ್ದರೂ ಗಿಡ ಬಾಡಿದ ಹಾಗೆ ಜೋತುಬಿದ್ದಿದ್ದರೆ ಬೇರು ಕೊಳೆಯುತ್ತಿದೆ. ಇಂಥ ಗಿಡ ನೋಡಿ 'ಪಾಪ, ನೀರು ಸಾಲಲಿಲ್ಲ' ಅಂತ ಇನ್ನೊಂದು ಚೊಂಬು ಹಾಕುವವರೇ ಜಾಸ್ತಿ.

ಇನ್ನು ಅತ್ತೆಯವರ ಬಸಳೆ. ಕುಂದಾಪುರದ ಹಿತ್ತಲಿನಲ್ಲಿ ಸಿಪ್ಪೆ ಬೀಳುವುದು ತೆರೆದ ನೆಲದ ಮೇಲೆ. ಅರ್ಧವನ್ನು ಕೋಳಿ ಕೆದಕುತ್ತದೆ, ಉಳಿದದ್ದನ್ನು ಎರೆಹುಳು, ಗೆದ್ದಲು ಹೊತ್ತೊಯ್ಯುತ್ತವೆ. ಬೇರಿಗೆ ಹರಡಲು ಬೇಕಾದಷ್ಟು ಜಾಗ ಇದೆ. ಒಂದು ಕಡೆ ಸರಿಯಿಲ್ಲದಿದ್ದರೆ ಇನ್ನೊಂದು ಕಡೆ ಹೋಗುತ್ತದೆ. ಹೆಚ್ಚಾದ ಉಪ್ಪು, ಹುಳಿ ಎಲ್ಲವನ್ನೂ ಕರಾವಳಿಯ ಮಳೆ ತೊಳೆದುಬಿಡುತ್ತದೆ. ಇನ್ನೊಂದು ವಿಷಯ. ಊರಲ್ಲಿ ಬಸಳೆಗೆ ಬೀಳುವುದು ಬರೀ ಸಿಪ್ಪೆ ಅಲ್ಲ. ಸುಡುಮಣ್ಣು, ಒಲೆ ಬೂದಿ, ಹಟ್ಟಿಗೊಬ್ಬರ, ಮೀನು ತೊಳೆದ ನೀರು. ಅತ್ತೆಯವರು ಇದನ್ನು ಲೆಕ್ಕಕ್ಕೇ ಹಿಡಿದಿರಲಿಕ್ಕಿಲ್ಲ, ಅಲ್ವಾ? ಬಸಳೆ ಅಷ್ಟು ದಪ್ಪ ಬರುವುದು ಹೆಚ್ಚಾಗಿ ಹಟ್ಟಿಗೊಬ್ಬರ ಮತ್ತು ಮೀನಿನ ನೀರಿನ ಸಾರಜನಕದಿಂದ. ಬಾಳೆಸಿಪ್ಪೆಯಿಂದ ಅಲ್ಲ. (ಹಾಗಂತ ಗ್ರಿಲ್ಲಿನ ಕುಂಡಕ್ಕೆ ಮೀನಿನ ನೀರು ಹಾಕಬೇಡಿ. ಕಾಗೆ, ಬೆಕ್ಕು ಎರಡೂ ಬರುತ್ತವೆ. ಸೊಸೈಟಿಯಿಂದ ಎರಡನೇ ಪತ್ರವೂ ಬರುತ್ತದೆ.)

ನಿಮ್ಮ 12 ಇಂಚಿನ ಕುಂಡದಲ್ಲಿ ಹಿಡಿಯುವುದು ಹೆಚ್ಚೆಂದರೆ 20 ಲೀಟರ್ ಮಣ್ಣು. ಕೋಳಿ ಇಲ್ಲ, ಎರೆಹುಳು ಇಲ್ಲ, ಬೇರು ತಪ್ಪಿಸಿಕೊಳ್ಳಲು ಜಾಗ ಇಲ್ಲ.

ಬಾಳೆಸಿಪ್ಪೆಯ ಲೆಕ್ಕ

ಈ ಸಿಪ್ಪೆಗೆ ಯಾಕಿಷ್ಟು ಹೆಸರು ಬಂತು ಅಂತ ಒಮ್ಮೆ ನೋಡೋಣ. ಅದರಲ್ಲಿ ಪೊಟ್ಯಾಸಿಯಂ ಇರುವುದು ನಿಜ. ಆದರೆ ದೊಡ್ಡ ಬಾಳೆಹಣ್ಣಿನ ಸಿಪ್ಪೆ ಒಂದರ ತೂಕ 35–40 ಗ್ರಾಂ. ಅದರಲ್ಲಿ ಹೆಚ್ಚುಕಡಿಮೆ ಶೇಕಡಾ 85–90 ನೀರೇ. ಒಣಗಿಸಿದರೆ ಉಳಿಯುವುದು ನಾಲ್ಕೈದು ಗ್ರಾಂ. ಅದರಲ್ಲಿ ಪೊಟ್ಯಾಸಿಯಂ ಅರ್ಧ ಗ್ರಾಮಿಗಿಂತಲೂ ಕಡಿಮೆ. ಇಲ್ಲಿ ವೆಲಚಿ ಅಂತ ಮಾರುವ ಏಲಕ್ಕಿ ಬಾಳೆಯ ಸಿಪ್ಪೆ ಇನ್ನೂ ತೆಳು. ನೀರಿನಲ್ಲಿ ಮೂರು ದಿನ ನೆನೆಸಿ ಸೋಸಿದ 'ಬಾಳೆ ಟಾನಿಕ್' ಇದೆಯಲ್ಲ, ಅದಕ್ಕೆ ಈ ಚೂರಿನಲ್ಲೂ ಒಂದು ಪಾಲು ಮಾತ್ರ ಇಳಿಯುತ್ತದೆ. ಅದರ ಜೊತೆಗೆ ಸಕ್ಕರೆಯೂ ಇಳಿಯುತ್ತದೆ. ಇರುವೆಗೆ ಅಷ್ಟು ಸಾಕು. ಇರುವೆ ಬಂದರೆ ಹಿಂದೆಯೇ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಬರುತ್ತದೆ. ತಿಗಣೆ ಒಸರುವ ಸಿಹಿರಸ ಇರುವೆಗೆ ಬೇಕು, ಹಾಗಾಗಿ ಅದನ್ನು ಶತ್ರುಗಳಿಂದ ಕಾಯುವುದೇ ಇರುವೆ. ದಾಸವಾಳದಲ್ಲಿ ಹಿಟ್ಟುತಿಗಣೆ ಅಂತ ನನ್ನನ್ನು ಕರೆಸುವ ಮನೆಗಳಲ್ಲಿ ಮೊದಲು ಕೇಳುವುದು ಇದನ್ನೇ: ಬುಡಕ್ಕೆ ಸಿಹಿ ಏನಾದರೂ ಹಾಕುತ್ತಿದ್ದೀರಾ? ಹೌದು ಅನ್ನುವವರೇ ಜಾಸ್ತಿ. ಹಾಲು ಸಕ್ಕರೆ ಸಮೇತ ಚಹಾದ ಚರಟ, ಇಲ್ಲದಿದ್ದರೆ ಬಾಳೆಸಿಪ್ಪೆ ನೀರು.

ನೀವು ಹಾಕಿದ ಉಳಿದ ವಸ್ತುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಚಹಾದ ಚರಟದಲ್ಲಿ ಸಾರಜನಕ ಚೆನ್ನಾಗಿದೆ. ನಿಮ್ಮ ಪಟ್ಟಿಯಲ್ಲಿ ನಿಜಕ್ಕೂ ಬೆಲೆಬಾಳುವ ವಸ್ತು ಅದೇ. ಆದರೆ ನಾವು ಚಹಾ ಕುದಿಸುವುದು ಹಾಲು ಸಕ್ಕರೆ ಹಾಕಿ. ಚರಟವನ್ನು ಎರಡು ಮೂರು ನೀರಿನಲ್ಲಿ ತೊಳೆದು, ಹಿಂಡಿ, ಒಣಗಿಸಿದ ಮೇಲೆ ಗೊಬ್ಬರದ ಬಕೆಟ್ಟಿಗೆ ಹಾಕಿ. ಫಿಲ್ಟರ್ ಕಾಫಿಯ ಚರಟದಲ್ಲಿ ಹಾಲು ಸಕ್ಕರೆ ಇರುವುದಿಲ್ಲ, ಹಾಗಾಗಿ ತೊಳೆಯುವ ಕೆಲಸ ಇಲ್ಲ. ಅದು ಮಣ್ಣನ್ನು ವಿಪರೀತ ಹುಳಿ ಮಾಡುತ್ತದೆ ಅನ್ನುವುದು ಸುಳ್ಳು. ಹುಳಿಯಲ್ಲಿ ಬಹುಪಾಲು ಡಿಕಾಕ್ಷನ್ನಿಗೇ ಹೋಗಿರುತ್ತದೆ. ಆದರೆ ಮಣ್ಣಿನ ಮೇಲೆ ದಪ್ಪಗೆ ಹರಡಿದರೆ ಒಣಗಿ ಹೆಪ್ಪಾಗಿ ನೀರು ಇಳಿಯಲು ಬಿಡುವುದಿಲ್ಲ. ಸಣ್ಣ ಸಸಿಗಳಿಗಂತೂ ಬೇಡ.

ಈರುಳ್ಳಿ ಸಿಪ್ಪೆ ನೀರಿನಿಂದ ಕೆಡುಕಿಲ್ಲ, ದೊಡ್ಡ ಲಾಭವೂ ಇಲ್ಲ. ಅದೇ ಸಿಪ್ಪೆ ಒಣ ಕಸವಾಗಿ ಗೊಬ್ಬರದ ಬಕೆಟ್ಟಿಗೆ ಬಹಳ ಒಳ್ಳೆಯದು. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆ ಕೊಳೆಸುವ ಜೀವಿಗಳಿಗೆ ಹಿಡಿಸುವುದಿಲ್ಲ, ಎರೆಹುಳುವಿಗೂ ಆಗುವುದಿಲ್ಲ. ಸಣ್ಣಗೆ ಹೆಚ್ಚಿ ಸ್ವಲ್ಪ ಹಾಕಿದರೆ ನಿಧಾನವಾಗಿ ಕರಗುತ್ತದೆ. ಹಾಗೇ ಹೂತರೆ ಮೂರು ತಿಂಗಳಾದರೂ ಹಾಗೇ ಸಿಗುತ್ತದೆ. ಅಕ್ಕಿ ತೊಳೆದ ನೀರನ್ನು ಆಗಿನದಾಗಲೇ ಹಾಕಬಹುದು, ಇಟ್ಟು ಹುಳಿ ಬರಿಸಬೇಡಿ. ಉಪ್ಪು ಬಿದ್ದ ಯಾವುದೂ, ಸಾರು, ಉಪ್ಪಿನಕಾಯಿ, ಹುಳಿ ಮಜ್ಜಿಗೆಗೆ ಉಪ್ಪು ಹಾಕಿದ್ದರೆ ಅದೂ, ಕುಂಡಕ್ಕೆ ಬೇಡ. ಕುಂಡದಿಂದ ಉಪ್ಪು ಸುಲಭದಲ್ಲಿ ಹೊರಗೆ ಹೋಗುವುದಿಲ್ಲ.

ಮೊಟ್ಟೆ ಚಿಪ್ಪು ಮತ್ತು ಟೊಮೆಟೊ

ಟೊಮೆಟೊ ತಳ ಕಪ್ಪಾಗುವುದು ರೋಗ ಅಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದಿದ್ದಾಗ ಆಗುತ್ತದೆ. 'ಹಾಗಾದರೆ ಮೊಟ್ಟೆ ಚಿಪ್ಪು ಹಾಕಿದ್ದು ಸರಿ ಅಲ್ವಾ' ಅಂತ ನೀವು ಕೇಳಬಹುದು. ಚಿಪ್ಪು ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೋನೇಟೇ, ಅಂದರೆ ಸುಣ್ಣಕಲ್ಲಿನ ಜಾತಿ. ಕೈಯಲ್ಲಿ ಪುಡಿ ಮಾಡಿ ಹಾಕಿದ ಚಿಪ್ಪು ಕರಗಲು ವರ್ಷಗಳೇ ಬೇಕು. ಅದು ನಿಮ್ಮ ಟೊಮೆಟೊದ ಆಯುಷ್ಯಕ್ಕಿಂತ ದೀರ್ಘ. ಮಿಕ್ಸಿಯಲ್ಲಿ ಹಿಟ್ಟಿನ ಹಾಗೆ ನುಣ್ಣಗೆ ಪುಡಿ ಮಾಡಿ, ಹುಳಿ ಮಣ್ಣಿಗೆ ಸೇರಿಸಿದರೆ ಬೇಗ ಕರಗುತ್ತದೆ. ಆದರೆ ಬಹಳಷ್ಟು ಕುಂಡಗಳಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಅದು ಗಿಡದೊಳಗೆ ನೀರಿನ ಜೊತೆಗೇ ಪ್ರಯಾಣ ಮಾಡಬೇಕು. ಮೇ ತಿಂಗಳ ಬಿಸಿಲಿಗೆ ಕುಂಡ ಮಧ್ಯಾಹ್ನ ಪೂರ್ತಿ ಒಣಗಿ, ಸಂಜೆ ತುಂಬ ನೀರು ಬಿದ್ದು, ಮರುದಿನ ಮತ್ತೆ ಒಣಗಿದರೆ ಆ ಪ್ರಯಾಣ ನಡುನಡುವೆ ತಪ್ಪುತ್ತದೆ. ಎಲೆಗಳು ನೀರು ಸೆಳೆಯುವ ಜೋರಿನಲ್ಲಿ ಕಾಯಿಗೆ ಬರುವುದು ಉಳಿದ ಚೂರು. ಮುಂದಿನ ಸಲ ಟೊಮೆಟೊವನ್ನು ಅಕ್ಟೋಬರಿನಲ್ಲಿ ನೆಡಿ, ಸ್ವಲ್ಪ ದೊಡ್ಡ ಕುಂಡದಲ್ಲಿ. ಮಣ್ಣಿನ ಮೇಲೆ ಒಣ ಎಲೆ ಹೊದಿಸಿ. ಬೆಳಗ್ಗೆ ಸಂಜೆ ಸ್ವಲ್ಪ ಸ್ವಲ್ಪ ನೀರು ಕೊಡಿ. ಚಿಪ್ಪನ್ನು ಬೇಕಿದ್ದರೆ ಗೊಬ್ಬರದ ಬಕೆಟ್ಟಿಗೆ ಹಾಕಿ.

ನೊಣ ಯಾವುದು?

ಎರಡು ಬಗೆ ಇರುತ್ತವೆ. ಹಣ್ಣಿನ ಬುಟ್ಟಿ, ಕಸದ ಡಬ್ಬಿಯ ಸುತ್ತ ಹಾರುವ ಕಂದು ಮೈ, ಕೆಂಪು ಕಣ್ಣಿನದು ಹಣ್ಣಿನ ನೊಣ. ಇದರ ಮೊಟ್ಟೆ ಮಾರುಕಟ್ಟೆಯಿಂದಲೇ ಹಣ್ಣಿನ ಸಿಪ್ಪೆಗೆ ಅಂಟಿಕೊಂಡು ಬರುತ್ತದೆ. ನಮ್ಮ ಹವೆಯಲ್ಲಿ ಹತ್ತು ದಿನದೊಳಗೆ ಮೊಟ್ಟೆ ಹಾರುವ ನೊಣವಾಗುತ್ತದೆ. ಕುಂಡದ ಮಣ್ಣಿನಿಂದ ಏಳುವ, ಸೊಳ್ಳೆಯಂತೆ ಸಣಕಲಾದ, ಕಪ್ಪು ಬಣ್ಣದ್ದು ಮಣ್ಣಿನ ನುಸಿ. ಇದರ ಮರಿಹುಳು ಒದ್ದೆ ಮಣ್ಣಿನಲ್ಲಿ ಬೂಷ್ಟು ತಿನ್ನುತ್ತದೆ. ಜಾಸ್ತಿಯಾದರೆ ಎಳೆ ಬೇರನ್ನೂ ತಿನ್ನುತ್ತದೆ. ಗೊತ್ತಾಗಬೇಕಾದರೆ ಹಸಿ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿನ ಮೇಲೆ ಎರಡು ದಿನ ಇಟ್ಟು ಮಗುಚಿ ನೋಡಿ. ಕಪ್ಪು ತಲೆಯ, ಗಾಜಿನ ಹಾಗೆ ಪಾರದರ್ಶಕ ಹುಳುಗಳು ಅಂಟಿದ್ದರೆ ನುಸಿಯೇ.

ಹಣ್ಣಿನ ನೊಣಕ್ಕೆ ಲೋಟದಲ್ಲಿ ಸ್ವಲ್ಪ ವಿನೆಗರ್, ಪಾತ್ರೆ ತೊಳೆಯುವ ಲಿಕ್ವಿಡ್‌ನ ಒಂದು ಹನಿ ಹಾಕಿಡಿ, ಬಂದು ಮುಳುಗುತ್ತವೆ. ನುಸಿಗೆ ಹಳದಿ ಅಂಟುಹಾಳೆ ಸಿಗುತ್ತದೆ. ಆದರೆ ನಿಜವಾದ ಮದ್ದು, ಹಣ್ಣಿನ ನೊಣಕ್ಕೆ ಸಿಪ್ಪೆ ತೆರೆದಿಡದಿರುವುದು, ನುಸಿಗೆ ಮಣ್ಣಿನ ಮೇಲಿನ ಒಂದಿಂಚು ಒಣಗಿರುವ ಹಾಗೆ ನೋಡಿಕೊಳ್ಳುವುದು.

ಈ ವಾರ ಮಾಡಬೇಕಾದ್ದು

ಐದೂ ಕುಂಡಗಳ ಮೇಲಿನ ಎರಡಿಂಚು ಮಣ್ಣನ್ನು ಚಮಚದಿಂದ ಕೆರೆದು ತೆಗೆಯಿರಿ, ಕಿತ್ತಳೆ ಸಿಪ್ಪೆ ಸಮೇತ. ಬಿಸಾಡಬೇಡಿ, ಅದೇ ನಿಮ್ಮ ಗೊಬ್ಬರದ ಬಕೆಟ್ಟಿಗೆ ಮೊದಲ ಹೆಪ್ಪು. ಕುಂಡದ ತಳದ ತೂತಿಗೆ ಕಡ್ಡಿ ಹಾಕಿ ನೋಡಿ. ಬಾಳೆಗಂಜಿ ಇಳಿದು ತೂತು ಕಟ್ಟಿಕೊಂಡಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಕುಂಡಗಳನ್ನು ಮಳೆ ನೇರವಾಗಿ ಬೀಳದ ಕಡೆ ಸರಿಸಿ, ಬೆರಳು ಎರಡು ಗೆಣ್ಣು ಇಳಿಸಿದರೂ ಒಣ ಅನ್ನಿಸುವವರೆಗೆ ನೀರು ಹಾಕಬೇಡಿ.

ಮಲ್ಲಿಗೆಯನ್ನು ಮಾತ್ರ ಹೊರಗೆ ತೆಗೆದು ನೋಡಲೇಬೇಕು. ಕುಂಡವನ್ನು ಓರೆ ಮಾಡಿ, ಬುಡ ಹಿಡಿದು ಮಣ್ಣಿನ ಮುದ್ದೆಯ ಸಮೇತ ಜಾರಿಸಿ. ಒಳ್ಳೆಯ ಬೇರು ಬೆಳ್ಳಗೆ ಅಥವಾ ತಿಳಿ ಕಂದಾಗಿರುತ್ತದೆ, ಎಳೆದರೆ ಗಟ್ಟಿ ನಿಲ್ಲುತ್ತದೆ. ಕೊಳೆತ ಬೇರು ಕಪ್ಪು. ಎರಡು ಬೆರಳಲ್ಲಿ ಹಿಡಿದು ಜಗ್ಗಿದರೆ ಮೇಲಿನ ಸಿಪ್ಪೆ ಕೈಗೆ ಕಳಚಿ ಬರುತ್ತದೆ, ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಅಂಥವನ್ನು ಕತ್ತರಿಸಿ. ಎಷ್ಟು ಬೇರು ಹೋಯಿತೋ ಮೇಲಿನ ಕೊಂಬೆಯನ್ನೂ ಸುಮಾರಾಗಿ ಅಷ್ಟೇ ತೆಗೆಯಿರಿ. ಕೆಂಪು ಮಣ್ಣು, ಕೋಕೋಪೀಟ್, ಪಕ್ವವಾದ ಗೊಬ್ಬರ ಸಮಸಮ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ಮತ್ತೆ ನೆಡಿ. ಇಲ್ಲಿನ ಅಂಗಡಿಯಲ್ಲಿ 'ನಿಂಬೋಳಿ ಪೇಂಡ್' ಅಂತ ಕೇಳಿದರೆ ಕೊಡುತ್ತಾರೆ. ಮುಕ್ಕಾಲು ಪಾಲು ಬೇರು ಹೋಗಿದ್ದರೆ ಗಿಡದ ಆಸೆ ಬಿಟ್ಟು, ಪೆನ್ಸಿಲ್ ದಪ್ಪದ ಕಡ್ಡಿ ಕತ್ತರಿಸಿ ಬೇರೆ ಕುಂಡದಲ್ಲಿ ನೆಡಿ. ಮಳೆಗಾಲದಲ್ಲಿ ಮಲ್ಲಿಗೆ ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆ.

ಮೊಗ್ಗಿನ ವಿಷಯದಲ್ಲಿ ನಿಮಗೆ ಬೇಸರ ಆಗುವ ಮಾತು ಹೇಳಬೇಕು. ಮಲ್ಲಿಗೆಗೆ ಐದಾರು ಗಂಟೆ ನೇರ ಬಿಸಿಲು ಬೇಕು. ನಿಮ್ಮಲ್ಲಿ ಮೂರ್ನಾಲ್ಕು. ಯಾವ ಸಿಪ್ಪೆಯೂ ಯಾವ ಗೊಬ್ಬರವೂ ಆ ಎರಡು ಗಂಟೆಯನ್ನು ತುಂಬಿಕೊಡುವುದಿಲ್ಲ. ಸೊಸೈಟಿ ಟೆರೇಸಿನಲ್ಲಿ ಒಂದು ಕುಂಡಕ್ಕೆ ಜಾಗ ಸಿಕ್ಕರೆ ಮಲ್ಲಿಗೆಯನ್ನು ಅಲ್ಲಿಗೆ ಕಳಿಸಿ. ಡಿಸೆಂಬರ್ ಕೊನೆಗೆ ಚೆನ್ನಾಗಿ ಸವರಿ, ಬೇವಿನ ಹಿಂಡಿ ಹಾಕಿ. ಫೆಬ್ರವರಿ–ಮಾರ್ಚ್‌ಗೆ ಮೊಗ್ಗು ನೋಡಬಹುದು. ಗ್ರಿಲ್ಲೇ ಗತಿ ಅಂದರೆ ಬಸಳೆ, ಕರಿಬೇವು, ಪುದೀನ, ಕೆಸು ಇವುಗಳಿಗೆ ಅಷ್ಟು ಬಿಸಿಲು ಸಾಕು. ಪತ್ರೊಡೆಗಂತೂ ಎಲೆ ಸಿಗುತ್ತದೆ.

ಸಿಪ್ಪೆಗೆ ಜಾಗ

ಈಗ ದಾರಿಗಳು. ಫ್ಲಾಟಿನವರಿಗೆ ನಾನು ಮೊದಲು ಹೇಳುವುದು ಗಾಳಿಯಾಡುವ ಬಕೆಟ್ ಗೊಬ್ಬರ. 20 ಲೀಟರಿನ ಪೇಂಟ್ ಬಕೆಟ್ ಎರಡು ಬೇಕು. ಕಾಯಿಸಿದ ಮೊಳೆಯಿಂದ ಸುತ್ತಲೂ, ತಳದಲ್ಲೂ ತೂತು ಮಾಡಿ. ತಳಕ್ಕೆ ತೆಂಗಿನಕಾಯಿ ನಾರು ಮೂರಿಂಚು. ನಮ್ಮವರ ಮನೆಯಲ್ಲಿ ಅದಕ್ಕೇನು ಬರ? ಅದರ ಮೇಲೆ ಆ ಕೆರೆದ ಮಣ್ಣು. ದಿನದ ಸಿಪ್ಪೆಗಳನ್ನು ಒಂದಿಂಚಿಗೆ ಹೆಚ್ಚಿ, ನೀರು ಬಸಿದು ಹಾಕಿ. ಒಂದು ಬಟ್ಟಲು ಹಸಿ ಕಸಕ್ಕೆ ಒಂದರಿಂದ ಒಂದೂವರೆ ಬಟ್ಟಲು ಒಣ ಕಸ. ಒಣ ಎಲೆ, ಹರಿದ ಪೇಪರ್, ಕಂದು ರಟ್ಟಿನ ಚೂರು, ಒಣ ಕೋಕೋಪೀಟ್ ಯಾವುದಾದರೂ ಆಗುತ್ತದೆ. ಕೊನೆಯ ಪದರ ಯಾವಾಗಲೂ ಒಣದ್ದೇ ಇರಲಿ. ಸಿಪ್ಪೆ ಕಣ್ಣಿಗೆ ಕಾಣದಿದ್ದರೆ ನೊಣವೂ ಬರುವುದಿಲ್ಲ.

ಈ ಒಣ ಕಸದಲ್ಲೇ ಎಲ್ಲರೂ ಜಿಪುಣತನ ಮಾಡುವುದು. ವಾಸನೆ ಬರುತ್ತದೆ, ಹುಳು ಬಿತ್ತು ಅಂತ ಬಕೆಟ್ ಮೂಲೆಗಿಟ್ಟವರನ್ನು ಕೇಳಿದರೆ ಬಹುತೇಕ ಬರೀ ಸಿಪ್ಪೆ ತುಂಬಿರುತ್ತಾರೆ. ತರಕಾರಿ, ಹಣ್ಣಿನ ಕಸದಲ್ಲಿ ಇಂಗಾಲ–ಸಾರಜನಕದ ಪ್ರಮಾಣ ಸುಮಾರು 15–25ಕ್ಕೆ 1. ಒಣ ಎಲೆಯಲ್ಲಿ 50ಕ್ಕೆ 1ರ ಮೇಲೆ. ಗೊಬ್ಬರ ಚೆನ್ನಾಗಿ ಆಗುವುದು 25–30ಕ್ಕೆ 1 ಇದ್ದಾಗ. ಅದಕ್ಕಿಂತ ಮುಖ್ಯ, ಒಣ ಎಲೆ ನಡುವೆ ಗಾಳಿಗೆ ದಾರಿ ಬಿಡುತ್ತದೆ, ಜಾಸ್ತಿ ನೀರನ್ನು ಹೀರುತ್ತದೆ. ಮುಂಬೈಯಲ್ಲಿ ಇದನ್ನು ಬೇಸಿಗೆಗೆ ಮುಂಚೆಯೇ ಕೂಡಿಡಬೇಕು. ಕಾಡುಬಾದಾಮಿ ಮರಗಳು ಕೆಂಪಾಗಿ ಎಲೆ ಉದುರಿಸುವಾಗ ಸೊಸೈಟಿಯ ಗುಡಿಸುವವರಿಗೆ ಹೇಳಿದರೆ ಒಂದು ಗೋಣಿ ತುಂಬಿ ಕೊಡುತ್ತಾರೆ. ಈಗ ಮಳೆಯಲ್ಲಿ ಒಣ ಎಲೆ ಎಲ್ಲಿಂದ? ರಟ್ಟು, ಕೋಕೋಪೀಟ್‌ನಲ್ಲೇ ಸಾಗಿಸಿ.

ಮೂರು ದಿನಕ್ಕೊಮ್ಮೆ ತಳದಿಂದ ಮಗುಚಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ. ಕೈ ತೇವ ಆಗಿ, ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿಯಾಗಿದೆ. ನೀರು ಧಾರೆಯಾಗಿ ಇಳಿದರೆ ಒಣ ಕಸ ಸೇರಿಸಿ. ಮುದ್ದೆಯೇ ಕಟ್ಟದೆ ಉದುರಿದರೆ ಸ್ವಲ್ಪ ನೀರು ಚಿಮುಕಿಸಿ. ಮೂಗಿಗೆ ಅಮೋನಿಯಾ ಹೊಡೆದರೆ ಹಸಿ ಕಸ ಜಾಸ್ತಿ, ಕೊಳೆತ ಮೊಟ್ಟೆ ವಾಸನೆಯಾದರೆ ಗಾಳಿ ಸಾಲದು. ಬಿಳಿ ಬೂಷ್ಟು ಬಂದರೆ ಹೆದರಬೇಡಿ, ಅದು ಕೆಲಸಗಾರ. ದಪ್ಪ, ಚಪ್ಪಟೆ, ಬೂದು ಬಣ್ಣದ ಹುಳು ಬಂದರೂ ಹೆದರಬೇಡಿ. ಅವು ಸೈನಿಕ ನೊಣದ ಮರಿಗಳು, ಕಸ ತಿನ್ನುವುದರಲ್ಲಿ ಗಟ್ಟಿಗರು, ಕಚ್ಚುವುದಿಲ್ಲ. ನೋಡಲು ಆಗುವುದಿಲ್ಲ ಅನ್ನಿಸಿದರೆ ಒಣ ಕಸ ಜಾಸ್ತಿ ಮಾಡಿ, ಹೋಗುತ್ತವೆ. ದುಡ್ಡು ಕೊಟ್ಟು ಕೊಳೆಸುವ ಜೀವಿಗಳ 'ಕಲ್ಚರ್' ಪುಡಿ ತರುವ ಅಗತ್ಯ ಇಲ್ಲ. ಒಂದು ಹಿಡಿ ಹಳೆ ಗೊಬ್ಬರ ಸಾಕು.

ಒಂದು ಬಕೆಟ್ ತುಂಬಿದ ಮೇಲೆ ಅದನ್ನು ಬದಿಗಿಟ್ಟು ಇನ್ನೊಂದು ಶುರುಮಾಡಿ. ಇಲ್ಲಿನ ಸೆಕೆಗೆ ಒಂದೂವರೆ ಎರಡು ತಿಂಗಳಲ್ಲಿ ಆಗುತ್ತದೆ, ಮಳೆಗಾಲದಲ್ಲಿ ಇನ್ನೂ ಸ್ವಲ್ಪ. ಕಪ್ಪಾಗಿ, ಉದುರುದುರಾಗಿ, ಯಾವುದು ಯಾವ ಸಿಪ್ಪೆ ಅಂತ ಗೊತ್ತಾಗದ ಹಾಗಿರಬೇಕು. ಅನುಮಾನ ಇದ್ದರೆ ಒಂದು ಲೋಟದಲ್ಲಿ ಆ ಗೊಬ್ಬರ ತುಂಬಿ ಮೆಂತ್ಯ ಬಿತ್ತಿ. ನಾಲ್ಕೈದು ದಿನದಲ್ಲಿ ಎಲ್ಲ ಹಸಿರಾಗಿ ಎದ್ದರೆ ಪಕ್ವ ಆಗಿದೆ. ಮೊಳಕೆ ಸುಟ್ಟ ಹಾಗಾದರೆ ಇನ್ನೆರಡು ವಾರ ಬಿಡಿ. ಸಣ್ಣ ಬಕೆಟ್ ಒಳಗೆ ಜಾಸ್ತಿ ಬಿಸಿ ಏರುವುದಿಲ್ಲ, ಹಾಗಾಗಿ ಟೊಮೆಟೊ, ಪಪ್ಪಾಯಿ ಬೀಜ ಸಾಯುವುದಿಲ್ಲ. ಕುಂಡದಲ್ಲಿ ಕೇಳದೇ ಎದ್ದು ನಿಂತರೆ ಕಿತ್ತುಹಾಕಿ.

ಉಳಿದ ದಾರಿಗಳು ನಿಮ್ಮ ಮನೆಗೆ ಅಷ್ಟಾಗಿ ಒಗ್ಗುವುದಿಲ್ಲ. ಎರೆಹುಳು ಗೊಬ್ಬರದ ಗುಣ ಚೆನ್ನಾಗಿದೆ, ಆದರೆ ಏಪ್ರಿಲ್–ಮೇನಲ್ಲಿ ಗ್ರಿಲ್ಲಿನ ಬಿಸಿಲಿಗೆ ಹುಳು ಬದುಕುವುದಿಲ್ಲ. ಒಳಗೆ ನೆರಳಿನ ಜಾಗ ಇದ್ದವರಿಗೆ ಸರಿ. ಬೊಕಾಶಿಯಲ್ಲಿ ಕಸಕ್ಕೆ ಸೂಕ್ಷ್ಮಜೀವಿ ಬೆರೆಸಿದ ತವುಡು ಉದುರಿಸಿ ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಇಡುತ್ತಾರೆ. ವಾಸನೆ ಕಡಿಮೆ, ಬೇಯಿಸಿದ ಅನ್ನವೂ ನಡೆಯುತ್ತದೆ. ಆದರೆ ಹೊರಗೆ ಬರುವುದು ಗೊಬ್ಬರ ಅಲ್ಲ, ಉಪ್ಪಿನಕಾಯಿ ಹಾಕಿದಂಥ ಹುಳಿ ಕಸ. ಅದನ್ನು ಮತ್ತೆ ಒಂದು ಟಬ್ ಮಣ್ಣಿನಲ್ಲಿ ಹೂತು ಕೆಲವು ವಾರ ಬಿಡಬೇಕು. ಆ ಟಬ್ಬಿಗೆ ನಿಮ್ಮಲ್ಲಿ ಜಾಗ ಎಲ್ಲಿದೆ? ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಹಾಕಿ ಮೂರು ತಿಂಗಳು ಹುಳಿಸುವ ಬಯೋ ಎಂಜೈಮ್ ನೆಲ ಒರೆಸಲು ಒಳ್ಳೆಯದು, ಗಿಡಕ್ಕೆ ತೀರಾ ಹುಳಿ. ಮಾಡುವುದಾದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾಡಿ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ. ಗಾಜಿನ ಬಾಟಲಿ ಗ್ಯಾಸ್ ತುಂಬಿ ಒಡೆಯಬಹುದು.

ಒಂದು ಲೆಕ್ಕ ಇಟ್ಟುಕೊಳ್ಳಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಅರ್ಧದಿಂದ ಒಂದು ಕೆಜಿ ಹಸಿ ಕಸ ಆಗುತ್ತದೆ. ಕೊಳೆತು ಕಾಲು ಭಾಗಕ್ಕೆ ಇಳಿದರೂ ತಿಂಗಳಿಗೆ ನಾಲ್ಕರಿಂದ ಏಳು ಕೆಜಿ ಗೊಬ್ಬರ. ನಿಮ್ಮ ಐದು ಕುಂಡಕ್ಕೆ ತಿಂಗಳಿಗೆ ತಲಾ ಎರಡು ಹಿಡಿ ಸಾಕು. ಎಲ್ಲ ಕಸವನ್ನೂ ಗಿಡಕ್ಕೇ ಉಣಿಸಬೇಕು ಅನ್ನುವ ಹಟ ಬಿಡಿ. ಬಕೆಟ್ಟಿಗೆ ಹಿಡಿಸದ್ದನ್ನು ಹಸಿ ಕಸದ ಡಬ್ಬಿಗೆ ಹಾಕುವುದು ಸೋಲೇನಲ್ಲ.

ಸುಫಲಾ ಹಾಕಲೇ ಬೇಡವೇ?

ಯಜಮಾನರಿಗೆ ಬಯ್ಯಬೇಡಿ. ಸುಫಲಾ ಚೀಲದ ಮೇಲಿನ 15:15:15 ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇಕಡಾ 15. ಗಿಡಕ್ಕೆ ಕೂಡಲೇ ಸಿಗುವ ರೂಪದಲ್ಲಿ ಇರುತ್ತದೆ. ಸಾರಜನಕದ ಕೊರತೆಯಿಂದ ಹಳದಿಯಾದ, ಬೇರು ಗಟ್ಟಿ ಇರುವ ಗಿಡಕ್ಕೆ ಅರ್ಧ ಚಹಾ ಚಮಚ ಕಾಂಡದಿಂದ ದೂರಕ್ಕೆ, ಒದ್ದೆ ಮಣ್ಣಿಗೆ, ತಿಂಗಳಿಗೊಮ್ಮೆ ಹಾಕಿದರೆ ಬೇಗ ಚೇತರಿಸುತ್ತದೆ. ಅಪಾಯ ಇರುವುದು 'ಒಂದು ಚಮಚ ಹಾಕಿದರೆ ಒಳ್ಳೆಯದು, ಮೂರು ಹಾಕಿದರೆ ಇನ್ನೂ ಒಳ್ಳೆಯದು' ಅನ್ನುವವರ ಕೈಯಲ್ಲಿ. ಎಲೆಯಂಚು ಸುಟ್ಟು ಕಂದಾದರೆ ಅದೇ ಕಾರಣ. ಆದರೆ ಅದು ಮಣ್ಣನ್ನು ಸಡಿಲ ಮಾಡುವುದಿಲ್ಲ, ನೀರು ಹಿಡಿದಿಡುವುದಿಲ್ಲ. ಆ ಕೆಲಸ ಗೊಬ್ಬರದ್ದು. ಕೊಳೆತ ಬೇರಿನ ಮಲ್ಲಿಗೆಗಂತೂ ಹೊಸ ಚಿಗುರು ಬರುವ ತನಕ ಯಾವುದೂ ಬೇಡ. ತುಳಸಿ, ಕರಿಬೇವು ಅಡುಗೆಗೆ, ಪೂಜೆಗೆ ಅಂತ ರಾಸಾಯನಿಕ ಬೇಡ ಅನ್ನಿಸಿದರೆ ಕಡಲೆಕಾಯಿ ಹಿಂಡಿ ಇದೆ. ಒಂದು ಹಿಡಿಯನ್ನು ಎರಡು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ ತಿಂಗಳಿಗೊಮ್ಮೆ ಹಾಕಿ. ವಾಸನೆ ಇರುತ್ತದೆ, ಹಾಗಾಗಿ ರಾತ್ರಿ ಹಾಕಿ, ಮೇಲೆ ಒಣ ಮಣ್ಣು ಮುಚ್ಚಿ.

ಸೊಸೈಟಿಯ ಪತ್ರ

ಇದಕ್ಕೆ ಉತ್ತರ ಬರೆಯುವ ಮೊದಲು ಕುಂಡದ ಕೆಳಗಿನ ತಟ್ಟೆ ನೋಡಿ. ಅದರಲ್ಲಿ ನೀರು ನಿಂತಿದ್ದರೆ ವಾಸನೆಗಿಂತ ದೊಡ್ಡ ವಿಷಯ. ಡೆಂಗ್ಯೂ ಸೊಳ್ಳೆ ಇಂಥ ನೀರಿನಲ್ಲೇ ಮೊಟ್ಟೆ ಇಡುವುದು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ. ಪಾಲಿಕೆಯವರು ಮಳೆಗಾಲದಲ್ಲಿ ಮನೆಮನೆಗೆ ಬಂದು ಇದನ್ನೇ ಮೊದಲು ನೋಡುತ್ತಾರೆ. ಮೂರು ದಿನಕ್ಕೊಮ್ಮೆ ತಟ್ಟೆ ಖಾಲಿ ಮಾಡಿ ಉಜ್ಜಿ ತೊಳೆಯಿರಿ. ಕೆಳಗಿನವರ ಬಟ್ಟೆಗೆ ನೀರು ತೊಟ್ಟಿಕ್ಕದ ಹಾಗೆ ನೋಡಿಕೊಳ್ಳಿ. ಒದ್ದೆಯಾದ ಒಂದೊಂದು ಕುಂಡ 25 ಕೆಜಿ ಮೀರಬಹುದು. ಗ್ರಿಲ್ಲಿನ ಕಬ್ಬಿಣ ತುಕ್ಕು ಹಿಡಿದಿದೆಯಾ ಅಂತಲೂ ನೋಡಿ.

ಇಲಿ, ಹೆಗ್ಗಣದ ಭಯವೂ ಅವರ ಪತ್ರದ ಹಿಂದೆ ಇರುತ್ತದೆ. ಮಳೆಗಾಲದ ಮುಂಬೈಯಲ್ಲಿ ಇಲಿ ಮೂತ್ರದಿಂದ ಬರುವ ಲೆಪ್ಟೋ ಜ್ವರದ ನೆನಪು ಎಲ್ಲರಿಗೂ ಇದೆ. ಹಾಗಾಗಿ ಅನ್ನ, ಚಪಾತಿ, ಮೀನು, ಮಾಂಸ, ಎಣ್ಣೆಪದಾರ್ಥ ಬಕೆಟ್ಟಿಗೂ ಬೇಡ. ಮುಚ್ಚಳ ಬಿಗಿಯಾಗಿರಲಿ, ತೂತು ಪೆನ್ಸಿಲ್ ದಪ್ಪ ಮೀರದಿರಲಿ.

ಇಷ್ಟು ಸರಿಪಡಿಸಿದ ಮೇಲೆ ಸೆಕ್ರೆಟರಿಯವರನ್ನು ಕರೆದು ಬಕೆಟ್ ತೋರಿಸಿ. 2016ರ ಘನತ್ಯಾಜ್ಯ ನಿಯಮದಲ್ಲಿ ಹಸಿ, ಒಣ, ಅಪಾಯಕಾರಿ ಕಸ ಮನೆಯಲ್ಲೇ ಬೇರೆ ಮಾಡಬೇಕು ಅಂತಲೇ ಹೇಳಿತ್ತು. 5000 ಚದರ ಮೀಟರಿಗಿಂತ ದೊಡ್ಡ ಆವರಣದ ಸೊಸೈಟಿಗಳು ಹಸಿ ಕಸವನ್ನು ಆದಷ್ಟೂ ತಮ್ಮಲ್ಲೇ ಗೊಬ್ಬರ ಮಾಡಬೇಕು ಅಂತಲೂ ಇತ್ತು. ನಿಮ್ಮ ಸೊಸೈಟಿಯಲ್ಲಿ ಗೊಬ್ಬರದ ತೊಟ್ಟಿ ಇದ್ದರೆ ಉಳಿದ ಸಿಪ್ಪೆಯೆಲ್ಲ ಅದಕ್ಕೆ. ಇಲ್ಲದಿದ್ದರೆ ಕೇಳಿ ನೋಡಿ. 2018ರಲ್ಲಿ ಮುಚ್ಚುವ ತನಕ ಡಂಪಿಂಗ್ ಗ್ರೌಂಡಿನ ವಾಸನೆ ಕುಡಿದ ಮುಲುಂಡ್ ಪೂರ್ವದವರಿಗೆ ಕಸ ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಪ್ರಮಾಣದಲ್ಲಿ ಆಗುತ್ತದಾ ಅಂತ ಯಾರಾದರೂ ಅನುಮಾನಪಟ್ಟರೆ, ಮುಂಬೈ ಪೋರ್ಟ್ ಟ್ರಸ್ಟಿನ ಕ್ಯಾಂಟೀನಿನವರು ಅಡುಗೆಮನೆಯ ಕಸದಿಂದಲೇ ಮಣ್ಣು ಮಾಡಿ ಟೆರೇಸಿನಲ್ಲಿ ತರಕಾರಿ, ಹಣ್ಣು ಬೆಳೆದದ್ದನ್ನು ಹೇಳಿ.

ಮೊದಲ ಬಕೆಟ್ ಗೊಬ್ಬರ ಸೆಪ್ಟೆಂಬರ್ ಕೊನೆಗೆ ಸಿಗಬಹುದು. ಅದನ್ನು ಮೊದಲು ಬಸಳೆಗೆ ಹಾಕಿ. ಅದು ಬೇಗ ಬೆಳೆಯುವ ಗಿಡ, ಗೊಬ್ಬರ ಸರಿ ಇದೆಯೋ ಇಲ್ಲವೋ ಎರಡು ವಾರದಲ್ಲಿ ಎಲೆಯ ದಪ್ಪದಲ್ಲೇ ಗೊತ್ತಾಗುತ್ತದೆ. ಅಲ್ಲಿ ಸರಿ ಅನ್ನಿಸಿದ ಮೇಲೆ ಕರಿಬೇವು, ತುಳಸಿಗೆ. ಮಲ್ಲಿಗೆಗೆ ಹೊಸ ಚಿಗುರು ನಾಲ್ಕು ಬೆರಳು ಬೆಳೆದ ಮೇಲೆ ಒಂದೇ ಹಿಡಿ, ಕುಂಡದ ಅಂಚಿಗೆ.